ಅಂಗಡಿ ವೆಬ್‌ಸೈಟ್: ಮೊದಲು 360 ಪಿಕ್ಸೆಲ್‌ಗೆ ಕೂರಿಸಿ

ಮಲ್ಲೇಶ್ವರದ ಸೀರೆ ಅಂಗಡಿಗಾಗಲಿ, ಜಯನಗರದ ಮೆಸ್ಸಿಗಾಗಲಿ ಸೈಟ್ ಮಾಡುವವರು ಲ್ಯಾಪ್‌ಟಾಪ್ ಅಗಲಕ್ಕೆ ಡಿಸೈನ್ ಶುರು ಮಾಡಬೇಡಿ. ಅನೇಕ ಫೋನ್‌ಗಳ ಪರದೆಯಷ್ಟಾದ 360 ಪಿಕ್ಸೆಲ್ ಅಗಲದಲ್ಲಿ ಫೋನ್ ನಂಬರ್, ಸಮಯ, ಮ್ಯಾಪ್ ಮೇಲೆಯೇ ಕಾಣಲಿ. ಆಮೇಲೆ ಅಗಲ ಹೆಚ್ಚಿಸುತ್ತಾ ಹೋಗಿ, ಪುಟ ಎಲ್ಲಿ ಕೆಡುತ್ತದೋ ಅಲ್ಲಿ ಬ್ರೇಕ್‌ಪಾಯಿಂಟ್ (ಜೋಡಣೆ ಬದಲಾಗುವ ಅಗಲ) ಹಾಕಿ.

ಪುಟವನ್ನು ಫೋನಿನ ಅಗಲಕ್ಕೇ ತೋರಿಸು ಎಂದು ಬ್ರೌಸರ್‌ಗೆ ಹೇಳುವ ವ್ಯೂಪೋರ್ಟ್ ಮೆಟಾ ಟ್ಯಾಗ್ ಮರೆತರೆ ಫೋನ್ ಪುಟವನ್ನು ಸುಮಾರು 980 ಪಿಕ್ಸೆಲ್ ಅಗಲದ್ದೆಂದು ಲೆಕ್ಕ ಹಾಕಿ ಕುಗ್ಗಿಸಿಬಿಡುತ್ತದೆ. ಮೀಡಿಯಾ ಕ್ವೆರಿ (ಪರದೆಯ ಅಗಲ ನೋಡಿ ಜೋಡಣೆ ಬದಲಿಸುವ ಕೋಡ್) ಎಷ್ಟು ಬರೆದರೂ ದಂಡ! ಫಾರ್ಮಿನ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ, ಬಾಕ್ಸ್ ಮುಟ್ಟಿದ ಕೂಡಲೇ ಐಫೋನಿನಲ್ಲಿ ಪುಟ ಝೂಮ್ ಆಗುತ್ತದೆ.

ಕನ್ನಡ ಪುಟದ ಲೆಕ್ಕವೇ ಬೇರೆ, ಜನ ಎಡವುವುದೂ ಇಲ್ಲೇ. ಇಂಗ್ಲಿಷಿಗೆ ಸಾಕಾಗುವ 1.2 ಲೈನ್ ಹೈಟ್ (ಸಾಲಿನ ಎತ್ತರ, ಅಕ್ಷರದ ಗಾತ್ರದ 1.2 ಪಟ್ಟು) ಇಟ್ಟರೆ ‘ರಾಷ್ಟ್ರ’ದ ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತವೆ, 1.6 ಅಥವಾ 1.7 ಇಡಿ. ಲೆಟರ್ ಸ್ಪೇಸಿಂಗ್ (ಅಕ್ಷರಗಳ ನಡುವಿನ ಹೆಚ್ಚುವರಿ ಜಾಗ) ಸೊನ್ನೆ ಇರಲಿ. ‘ಸಂಪರ್ಕಿಸಿ’ ಎಂಬುದು ‘ಕಾಲ್’ ಬಟನ್ನಿನ ಅಗಲದಲ್ಲಿ ಹಿಡಿಸುವುದಿಲ್ಲ. ಅಗಲ ಫಿಕ್ಸ್ ಮಾಡದೆ ಪ್ಯಾಡಿಂಗ್ (ಪದದ ಸುತ್ತ ಖಾಲಿ ಜಾಗ) ಕೊಡಿ, ಎತ್ತರ 48 ಪಿಕ್ಸೆಲ್ ಇರಲಿ.

ಕ್ಯಾಮೆರಾದ 4 ಎಂಬಿ ಫೋಟೋ ಹಾಗೇ ಏರಿಸಬೇಡಿ. 800 ಪಿಕ್ಸೆಲ್ ಅಗಲಕ್ಕೆ ಇಳಿಸಿ, ವೆಬ್‌ಪಿ (ಚಿಕ್ಕ ಗಾತ್ರದ ಚಿತ್ರ ಫಾರ್ಮ್ಯಾಟ್) ಮಾಡಿ. ಇಮೇಜ್ ಟ್ಯಾಗ್‌ನಲ್ಲಿ ಅಗಲ, ಎತ್ತರ ಎರಡನ್ನೂ ಬರೆಯಿರಿ. ಇಲ್ಲವಾದರೆ ಚಿತ್ರ ತಡವಾಗಿ ಬಂದಾಗ ಪುಟ ಜಿಗಿದು, ಬೆರಳು ಬೇರೆ ಬಟನ್ ಮೇಲೆ ಬೀಳುತ್ತದೆ.