ಲಸಿಕೆ ಚುಚ್ಚಿದ ಭುಜ ಹಿಡಿದುಕೊಂಡರೆ: ಅಮೆರಿಕದಲ್ಲಿ ಪರಿಹಾರ ಕೇಳುವುದು ಹೇಗೆ?

ನ್ಯೂಜೆರ್ಸಿಯಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಒಂದು ಅಕ್ಟೋಬರ್‌ನಲ್ಲಿ ಮನೆ ಹತ್ತಿರದ ಫಾರ್ಮಸಿಗೆ ಹೋಗಿ ಫ್ಲೂ ಲಸಿಕೆ ಹಾಕಿಸಿಕೊಂಡಳು. ಹಾಕಿಕೊಂಡಿದ್ದು ಉದ್ದ ತೋಳಿನ ಬಿಗಿ ಕುರ್ತಾ. ತೋಳು ಮೇಲಕ್ಕೆ ಸರಿಯಲಿಲ್ಲ. ಕುತ್ತಿಗೆ ಕಡೆಯಿಂದ ಜಗ್ಗಿ ಭುಜದ ತುದಿಯಷ್ಟನ್ನೇ ತೋರಿಸಿದಳು. ಸೂಜಿಯೂ ಅಲ್ಲಿಗೇ ಬಿತ್ತು. ಮಾರನೇ ದಿನ ಮೇಲಿನ ಶೆಲ್ಫಿನಲ್ಲಿದ್ದ ಮೆಂತ್ಯದ ಡಬ್ಬಿಗೆ ಕೈ ಚಾಚಿದರೆ, ಕೈ ಅರ್ಧಕ್ಕೇ ನಿಂತಿತು. ನಮ್ಮವರು ಮಾಡುವುದನ್ನೇ ಅವಳೂ ಮಾಡಿದಳು. ಅಮೃತಾಂಜನ ಹಚ್ಚಿಕೊಂಡು, 'ಸರಿಹೋಗುತ್ತೆ ಬಿಡು' ಅಂತ ಮೂರು ತಿಂಗಳು ಸುಮ್ಮನಿದ್ದಳು. ಅವಳ ಕೇಸಿಗೆ ದೊಡ್ಡ ಪೆಟ್ಟು ಕೊಟ್ಟಿದ್ದು ಆ ಮೂರು ತಿಂಗಳೇ.

ಈ ತೊಂದರೆಗೆ ಅಲ್ಲಿ 'ಸಿರ್ವಾ' ಅನ್ನುತ್ತಾರೆ. ಲಸಿಕೆ ಚುಚ್ಚುವ ರೀತಿಯಿಂದ ಭುಜಕ್ಕಾಗುವ ಗಾಯ ಅಂತ ಅರ್ಥ. ಮದ್ದು ಹೋಗಬೇಕಾದ್ದು ತೋಳಿನ ದಪ್ಪ ಸ್ನಾಯುವಿಗೆ, ಭುಜದ ಮೂಳೆಯ ತುದಿಯಿಂದ ಎರಡು-ಮೂರು ಬೆರಳು ಕೆಳಗೆ. ಸೂಜಿ ತೀರಾ ಮೇಲೆ ಬಿದ್ದರೆ ಕೀಲಿನ ಹತ್ತಿರವಿರುವ ಬರ್ಸಾ ಎಂಬ ಪುಟ್ಟ ಚೀಲದಲ್ಲಿ ಉರಿಯೂತ ಶುರುವಾಗಬಹುದು. ಎಲ್ಲರಿಗೂ ಬರುವ ಎರಡು ದಿನದ ಕೈನೋವು ಬೇರೆ, ಇದು ಬೇರೆ. ಇದಕ್ಕೆ ಹೆದರಿ ಯಾರೂ ಲಸಿಕೆ ಬಿಡಬೇಕಿಲ್ಲ. ಅರ್ಧ ತೋಳಿನ ಅಂಗಿ ಹಾಕಿಕೊಂಡು ಹೋಗಿ, ಸಾಕು.

ಪರಿಹಾರಕ್ಕೆ ಅಮೆರಿಕದಲ್ಲಿ ಪ್ರತ್ಯೇಕ ನಿಧಿಯೇ ಇದೆ. 1986ರಲ್ಲಿ ಕಾನೂನು ಬಂತು, 1988ರಲ್ಲಿ ಯೋಜನೆ ಶುರುವಾಯಿತು. ಪಟ್ಟಿಯಲ್ಲಿರುವ ಪ್ರತಿ ಲಸಿಕೆಯ ಮೇಲೆ, ಅದು ತಡೆಯುವ ಒಂದೊಂದು ರೋಗಕ್ಕೆ 75 ಸೆಂಟ್ ತೆರಿಗೆ. ಆ ದುಡ್ಡೇ ನಿಧಿಗೆ ಹೋಗುತ್ತದೆ. ಚುಚ್ಚಿದವರದ್ದು ತಪ್ಪು ಅಂತ ಇಲ್ಲಿ ಸಾಬೀತು ಮಾಡಬೇಕಿಲ್ಲ. 2017ರ ಮಾರ್ಚ್‌ನಲ್ಲಿ ಸಿರ್ವಾ ಕೂಡ ಗಾಯಗಳ ಅಧಿಕೃತ ಪಟ್ಟಿಗೆ ಸೇರಿತು. 2021ರ ಶುರುವಿನಲ್ಲಿ ಅದನ್ನು ಕಿತ್ತುಹಾಕುವ ನಿಯಮ ಬಂದಿತ್ತು. ಕೆಲವೇ ತಿಂಗಳಲ್ಲಿ ಸರ್ಕಾರ ಬದಲಾಗಿ ಆ ನಿಯಮವೇ ರದ್ದಾಯಿತು.

ಮೊದಲು ಡಾಕ್ಟರು, ಆಮೇಲೆ ವಕೀಲರು

ಪಟ್ಟಿಯ ಪ್ರಕಾರ ನಾಲ್ಕು ಸಂಗತಿ ಹೊಂದಬೇಕು. ಲಸಿಕೆ ಹಾಕಿದ 48 ಗಂಟೆಯೊಳಗೆ ನೋವು ಶುರುವಾಗಿರಬೇಕು. ಆ ಭುಜಕ್ಕೆ ಹಿಂದೆ ನೋವು, ಬಾವು ಇದ್ದಿರಬಾರದು. ನೋವೂ ಕೈ ಎತ್ತಲಾಗದ ಕಷ್ಟವೂ ಚುಚ್ಚಿದ ಭುಜದಲ್ಲೇ ಇರಬೇಕು. ಕುತ್ತಿಗೆಯ ನರ ಒತ್ತಿದಂಥ ಬೇರೆ ಕಾರಣ ಇರಬಾರದು. ಇವುಗಳಲ್ಲಿ ಒಂದು ತಪ್ಪಿದರೂ ದಾರಿ ಪೂರ್ತಿ ಮುಚ್ಚುವುದಿಲ್ಲ. ಆದರೆ ಲಸಿಕೆಯಿಂದಲೇ ಆಯಿತು ಅಂತ ನೀವೇ ಸಾಬೀತು ಮಾಡಬೇಕಾಗುತ್ತದೆ. ಅದು ಕಷ್ಟದ ಕೆಲಸ.

ಹಾಗಾಗಿ ವಾರವಾದರೂ ನೋವು ಇಳಿಯದಿದ್ದರೆ ಡಾಕ್ಟರ ಹತ್ತಿರ ಹೋಗಿ. ಹೋದಾಗ ದಿನಾಂಕ ಹೇಳಿ, ಯಾವ ಕೈ ಹೇಳಿ, 'ಲಸಿಕೆ ಹಾಕಿದ ರಾತ್ರಿಯಿಂದ' ಎಂಬಂಥ ಖಚಿತ ಮಾತಿನಲ್ಲಿ ಹೇಳಿ. ಹೇಳಿದ್ದು ದಾಖಲೆಯಲ್ಲಿ ಬಂದಿದೆಯಾ ಅಂತ ಮನೆಗೆ ಬಂದು ಆನ್‌ಲೈನ್‌ನಲ್ಲಿ ನೋಡಿ. ನನ್ನ ತಂಗಿ ಜನವರಿಯಲ್ಲಿ ಜ್ವರಕ್ಕೆ ಅಂತ ಹೋದವಳು ಏಳುವಾಗ ಭುಜದ ಸುದ್ದಿ ಎತ್ತಿದಳು. ಡಾಕ್ಟರು 'ಕೆಲವು ವಾರಗಳಿಂದ ಭುಜ ನೋವು' ಅಂತ ಬರೆದುಕೊಂಡರು. ಮೂರು ತಿಂಗಳ ನೋವು ಕಾಗದದಲ್ಲಿ ಕೆಲವು ವಾರವಾಯಿತು. 48 ಗಂಟೆಯ ಮಾತು ಅಲ್ಲೇ ಅಲುಗಾಡಿತು.

ನಿಮ್ಮ ಲಸಿಕೆ ಲೆಕ್ಕಕ್ಕೆ ಬರುತ್ತದಾ?

ಫ್ಲೂ, ಟೆಟನಸ್, ಹೆಪಟೈಟಿಸ್ ಎ ಮತ್ತು ಬಿ, ಎಚ್‌ಪಿವಿ ಇವೆಲ್ಲ ಬರುತ್ತವೆ. ಸರ್ಪಸುತ್ತಿನ ಲಸಿಕೆ ಬರುವುದಿಲ್ಲ. ಕೋವಿಡ್ ಲಸಿಕೆಗೆ ಬೇರೆಯೇ ಯೋಜನೆ: ಹಾಕಿಸಿಕೊಂಡ ದಿನದಿಂದ ಒಂದೇ ವರ್ಷದ ಗಡುವು, ನೋವಿಗೆ ಅಂತ ಪರಿಹಾರವಿಲ್ಲ, ವಕೀಲರ ಫೀಸೂ ಕೊಡುವುದಿಲ್ಲ.

ಅಮೆರಿಕದ ಪ್ರಜೆಯೇ ಆಗಿರಬೇಕು ಅಂತಿಲ್ಲ. ಎಚ್-1ಬಿ ವೀಸಾದಲ್ಲಿರುವವರೂ ಕೇಳಬಹುದು. ಲಸಿಕೆ ಅಲ್ಲಿ ಹಾಕಿಸಿಕೊಂಡಿದ್ದರಾಯಿತು. ರಜೆಗೆ ಬಂದಾಗ ಬೆಂಗಳೂರಿನಲ್ಲಿ ಹಾಕಿಸಿಕೊಂಡಿದ್ದರೆ ಸಾಮಾನ್ಯವಾಗಿ ಈ ನಿಧಿ ಸಿಗದು. ಇಲ್ಲಿ ದುಡ್ಡು ಕೊಟ್ಟು ಖಾಸಗಿ ಆಸ್ಪತ್ರೆಯಲ್ಲಿ ಹಾಕಿಸಿಕೊಂಡವರು ಗ್ರಾಹಕ ಆಯೋಗಕ್ಕೆ ಹೋಗಬಹುದು. ಅದಕ್ಕೆ ಎರಡು ವರ್ಷದ ಗಡುವು. ನಿರ್ಲಕ್ಷ್ಯವನ್ನೂ ಸಾಬೀತು ಮಾಡಬೇಕು.

ಎರಡು ಗಡಿಯಾರ

ನೋವು ಶುರುವಾದ ದಿನದಿಂದ ಮೂರು ವರ್ಷದೊಳಗೆ ಅರ್ಜಿ ಕೋರ್ಟ್ ಸೇರಿರಬೇಕು. ವಕೀಲರನ್ನು ಕಂಡರೆ ಸಾಲದು, ಅರ್ಜಿ ದಾಖಲಾಗಿರಬೇಕು. ಇನ್ನೊಂದು ಗಡಿಯಾರ ಆರು ತಿಂಗಳದು. ತೊಂದರೆ ಆರು ತಿಂಗಳಿಗಿಂತ ಜಾಸ್ತಿ ಉಳಿದಿದೆ ಅಂತ ತೋರಿಸಬೇಕು, ಅಥವಾ ಆಸ್ಪತ್ರೆಗೆ ಸೇರಿ ಆಪರೇಷನ್ ಆಗಿರಬೇಕು. ಇಲ್ಲಿ ಎಡವುವವರು ಬಹಳ. ಎಂಟು ಸಲ ಫಿಸಿಯೋಥೆರಪಿಗೆ ಹೋಗಿ, ಕೋ-ಪೇ (ವಿಮೆ ಇದ್ದರೂ ಪ್ರತಿ ಸಲ ಕೈಯಿಂದ ಕಟ್ಟಬೇಕಾದ ಪಾಲು) ಜಾಸ್ತಿಯಾಯಿತು ಅಂತ ನಾಲ್ಕನೇ ತಿಂಗಳಿಗೆ ನಿಲ್ಲಿಸಿಬಿಡುತ್ತಾರೆ. ನೋವು ಇದ್ದೇ ಇರುತ್ತದೆ, ಕಾಗದ ಇರುವುದಿಲ್ಲ.

ಕಾಗದ ಕೂಡಿಸುವುದು

ಮೊದಲು ಫಾರ್ಮಸಿಯಿಂದ ಲಸಿಕೆಯ ದಾಖಲೆ ತರಿಸಿ. ಲಸಿಕೆಯ ಹೆಸರು, ದಿನಾಂಕ, ಯಾವ ತೋಳು ಅಂತ ನೋಡಿ. ಎಡಗೈಗೆ ಹಾಕಿ ಬಲಗೈ ಅಂತ ಟಿಕ್ ಮಾಡಿರುವುದು ಅಪರೂಪವೇನಲ್ಲ! ಲಸಿಕೆಗೆ ಹಿಂದಿನ ಮೂರು ವರ್ಷದ ವೈದ್ಯಕೀಯ ದಾಖಲೆಯನ್ನೂ ಸಾಮಾನ್ಯವಾಗಿ ಕೇಳುತ್ತಾರೆ, ಭುಜ ಮೊದಲು ಚೆನ್ನಾಗಿತ್ತಾ ಅಂತ ನೋಡಲು. ಎಂಆರ್‌ಐ, ಸ್ಟೀರಾಯ್ಡ್ ಇಂಜೆಕ್ಷನ್ ಬಿಲ್, ರಜೆ ಹಾಕಿ ಸಂಬಳ ಹೋಗಿದ್ದರೆ ಅದರ ಪುರಾವೆ, ಎಲ್ಲವೂ ಇರಲಿ.

ಡಾಕ್ಟರ ದಾಖಲೆ ಸೋತ ಕಡೆ ಬೇರೆ ಸಾಕ್ಷಿ ಕೈ ಹಿಡಿಯಬಹುದು. ಮನೆಯವರ, ಸಹೋದ್ಯೋಗಿಗಳ ಅಫಿಡವಿಟ್ ನಡೆಯುತ್ತದೆ. ನನ್ನ ತಂಗಿಯನ್ನು ಎತ್ತಿ ನಿಲ್ಲಿಸಿದ್ದು ಒಂದು ವಾಟ್ಸಾಪ್ ಮೆಸೇಜು. ಲಸಿಕೆಯ ಮಾರನೇ ದಿನ ಸಂಜೆ ಗಂಡನಿಗೆ ಹಾಕಿದ್ದಳು: 'ಕೈ ಎತ್ತೋಕೇ ಆಗ್ತಿಲ್ಲ ರೀ, ಬರ್ತಾ ಇಡ್ಲಿ ತನ್ನಿ.' ವಕೀಲರು ಅದನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ ಅರ್ಜಿಗೆ ಲಗತ್ತಿಸಿದರು.

ವಕೀಲರು, ಅರ್ಜಿ, ಕಾಯುವುದು

ಸ್ವತಃ ಅರ್ಜಿ ಹಾಕಬಹುದು, ಆದರೆ ಅಂಥ ಉಳಿತಾಯವೇನೂ ಇಲ್ಲ. ಸೋತರೂ ಕೂಡ, ಅರ್ಜಿ ಪ್ರಾಮಾಣಿಕವಾಗಿದ್ದು ತಕ್ಕ ಆಧಾರವಿದ್ದರೆ, ವಕೀಲರ ಫೀಸನ್ನು ನಿಧಿಯೇ ಕೊಡಬಹುದು. ನಿಮ್ಮ ಪರಿಹಾರದಲ್ಲಿ ವಕೀಲರು ಪಾಲು ತೆಗೆದುಕೊಳ್ಳುವಂತಿಲ್ಲ. 'ಗೆದ್ದರೆ ಮೂರನೇ ಒಂದು ಭಾಗ ನನಗೆ' ಅನ್ನುವವರು ಸಿಕ್ಕರೆ ಎದ್ದು ಬನ್ನಿ.

ಅರ್ಜಿ ಹೋಗುವುದು ವಾಷಿಂಗ್ಟನ್‌ನ ಕೋರ್ಟ್ ಆಫ್ ಫೆಡರಲ್ ಕ್ಲೇಮ್ಸ್‌ಗೆ. ಎದುರು ಪಾರ್ಟಿ ಫಾರ್ಮಸಿಯಲ್ಲ, ಅಮೆರಿಕದ ಆರೋಗ್ಯ ಇಲಾಖೆಯ ಕಾರ್ಯದರ್ಶಿ. ಫಾರ್ಮಸಿಯವರನ್ನು ನೇರವಾಗಿ ಬೇರೆ ಕೋರ್ಟಿಗೆ ಎಳೆಯಲು ಹೋದರೆ, ಮೊದಲು ಇಲ್ಲಿಗೆ ಹೋಗಿ ಬನ್ನಿ ಅಂತ ಕಳಿಸುತ್ತಾರೆ. ಇಲಾಖೆಯ ಡಾಕ್ಟರುಗಳು ದಾಖಲೆ ಓದುತ್ತಾರೆ, ಸರ್ಕಾರಿ ವಕೀಲರು ವರದಿ ಹಾಕುತ್ತಾರೆ. ತೀರ್ಮಾನ ಸ್ಪೆಷಲ್ ಮಾಸ್ಟರ್ ಎಂಬ ಅಧಿಕಾರಿಯದು. ಬಹಳಷ್ಟು ಕೇಸು ರಾಜಿಯಲ್ಲೇ ಮುಗಿಯುತ್ತವೆ. ಎರಡು-ಮೂರು ವರ್ಷ ಹಿಡಿಯುವುದು ಸಾಮಾನ್ಯ.

ಕೈಯಿಂದ ಹೋದ ಚಿಕಿತ್ಸೆಯ ಖರ್ಚು, ತಪ್ಪಿದ ಸಂಬಳ, ಪಟ್ಟ ನೋವು, ಈ ಮೂರಕ್ಕೂ ದುಡ್ಡು ಸಿಗಬಹುದು. ನೋವಿಗೆ ಮಾತ್ರ ಮಿತಿಯಿದೆ, 2,50,000 ಡಾಲರ್. ಅದು ಕಾನೂನು ಬಂದಾಗಿನ ಅಂಕಿ, ಇವತ್ತಿಗೂ ಬದಲಾಗಿಲ್ಲ. ಎಲ್ಲರಿಗೂ ಅಷ್ಟು ಸಿಗುತ್ತದೆ ಅಂದುಕೊಳ್ಳಬೇಡಿ. ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ಅವಕಾಶವಿದೆ. ತೀರ್ಪನ್ನು ತಿರಸ್ಕರಿಸಿ ಮಾಮೂಲಿ ಸಿವಿಲ್ ಕೋರ್ಟಿಗೂ ಹೋಗಬಹುದು.

ಇನ್ನೊಂದು ಸಣ್ಣ ವಿಷಯ. ತೀರ್ಮಾನಗಳು ಕೋರ್ಟಿನ ವೆಬ್‌ಸೈಟಿನಲ್ಲಿ ಹೆಸರು ಸಮೇತ ಬರುತ್ತವೆ, ಯಾರು ಬೇಕಾದರೂ ಓದಬಹುದು. ಹೆಸರು ಮರೆಮಾಡಿ ಅಂತ ಕೇಳುವುದಿದ್ದರೆ 14 ದಿನದೊಳಗೆ ಕೇಳಬೇಕು. ಒಪ್ಪುವುದು ಬಿಡುವುದು ಸ್ಪೆಷಲ್ ಮಾಸ್ಟರ್‌ಗೆ ಬಿಟ್ಟದ್ದು.