ಹೆಗಲ ಮೂಳೆಯ ಕಚ್ಚು: ಕೈಗೆತ್ತಿಕೊಂಡು ನೋಡಿದ್ದು

ದಾವಣಗೆರೆಯಲ್ಲಿ ಮೆಡಿಕಲ್ ವಿದ್ಯಾರ್ಥಿಗಳಿಗೆ ಅನಾಟಮಿ ಕಲಿಸುತ್ತೇನೆ. ಹೆಗಲಿನ ಹಲಗೆ ಮೂಳೆಯ, ಅಂದರೆ ಸ್ಕ್ಯಾಪುಲಾದ ಮೇಲಂಚಿನಲ್ಲಿ ಕೊರೆದಂತೆ ಒಂದು ಕಚ್ಚು ಇದೆ. ಕುತ್ತಿಗೆಯಿಂದ ಇಳಿಯುವ ಸುಪ್ರಾಸ್ಕ್ಯಾಪುಲರ್ ನರ ಅದರೊಳಗೆ ನುಸುಳಿ ಬೆನ್ನ ಕಡೆ ಹೋಗುತ್ತದೆ. ಕಚ್ಚಿನ ಬಾಯಿಗೆ ಅಡ್ಡಲಾಗಿ ಲಿಗಮೆಂಟ್, ಅಂದರೆ ಗಟ್ಟಿ ನಾರಿನ ಪಟ್ಟಿ, ಬಿಗಿದಿರುತ್ತದೆ; ಸಾಮಾನ್ಯವಾಗಿ ನರ ಅದರ ಕೆಳಗೆ, ರಕ್ತನಾಳ ಮೇಲೆ. ಕೆಲವರಲ್ಲಿ ಆ ಲಿಗಮೆಂಟೇ ಮೂಳೆಯಾಗಿ ಕಚ್ಚು ತೂತಾಗಿಬಿಡುತ್ತದೆ; ಆಗ ಒಳಗಿನ ನರ ಒತ್ತಿಹೋಗಬಹುದು.

ನಮ್ಮ ವಿಭಾಗದ ಮೂಳೆಗಳನ್ನೆಲ್ಲ ಹೊರತೆಗೆದು ಎಡ, ಬಲ ಬೇರೆ ಮಾಡಿದೆ. ಮೇಲಂಚು ಕಾಗದದಷ್ಟು ತೆಳು, ವಿದ್ಯಾರ್ಥಿಗಳ ಕೈಯಲ್ಲಿ ಮುರಿಯುವುದೂ ಅಲ್ಲೇ, ಅಂಥವನ್ನು ಪಕ್ಕಕ್ಕಿಟ್ಟೆ. ಉಳಿದವನ್ನು 1979ರಲ್ಲಿ ರೆಂಗಾಚಾರಿ ಮತ್ತು ಸಂಗಡಿಗರು ಹೇಳಿದ ಆರು ಬಗೆಗಳಿಗೆ ಹಂಚಿದೆ. ಅಗಲವಾದ ತಗ್ಗಿನಿಂದ ಹಿಡಿದು ಸುತ್ತಲೂ ಮೂಳೆ ಮುಚ್ಚಿದ ತೂತಿನವರೆಗೆ. ‘ವಿ’ ಆಕಾರವೋ ‘ಯು’ ಆಕಾರವೋ ಎಂಬಲ್ಲಿ ಕಣ್ಣನ್ನು ನಂಬುವಂತಿಲ್ಲ. ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಗಲ, ಆಳ ಅಳೆದೆ. ನನ್ನ ಪಟ್ಟಿ ತೋರಿಸದೆ ಸಹೋದ್ಯೋಗಿಯಿಂದಲೂ ಅಳೆಸಿದೆ.

ತೂತಾದ ಮೂಳೆಗಳು ಕೆಲವೇ. ಒಂದರಲ್ಲಿ ಮೇಲಿನ ಸೇತುವೆ ಬೆಂಕಿಕಡ್ಡಿಗಿಂತ ತೆಳ್ಳಗಿತ್ತು, ಒಳಗೆ ದಾರ ಪೋಣಿಸಿದರೆ ಸಲೀಸಾಗಿ ಹೊರಬಂತು. ಅಂಚು ಬೆರಳಿಗೆ ನುಣುಪು. ಮುರಿದ ಮೂಳೆಯಾದರೆ ಚುಚ್ಚುತ್ತದೆ.

ಆದರೆ ಒಣ ಮೂಳೆಯಲ್ಲಿ ನರವೂ ಇಲ್ಲ, ಲಿಗಮೆಂಟೂ ಇಲ್ಲ. ತೂತಿದೆ ಅಂದಮಾತ್ರಕ್ಕೆ ಆ ವ್ಯಕ್ತಿಗೆ ನೋವಿತ್ತು ಎನ್ನಲಾಗದು. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಮೂಳೆ ನೋಡಿಯೇ ರೋಗ ತೀರ್ಮಾನಿಸುವ ಆಸೆ ಎಲ್ಲರಿಗೂ ಬರುತ್ತದೆ.

ಮೂಳೆ ತಜ್ಞರಾದ ಗೆಳೆಯರೊಬ್ಬರು ಒಮ್ಮೆ ಕರೆದು ತೋರಿಸಿದ್ದು ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲರೊಬ್ಬರನ್ನು. “ಕೈ ಮೇಲೆತ್ತಾಕೆ ಬಲಾನೇ ಇಲ್ರಿ ಮೇಡಂ” ಅಂದರು. ಅಂಗಿ ತೆಗೆಸಿ ಹಿಂದಿನಿಂದ ನೋಡಿದರೆ ಹಲಗೆ ಮೂಳೆಯ ಹಿಂಬದಿಗೆ ಅಡ್ಡಲಾಗಿ ಎದ್ದಿರುವ ಏಣಿನ ಮೇಲೂ ಕೆಳಗೂ ಮಾಂಸ ಸೊರಗಿತ್ತು. ಆ ಎರಡೂ ಕಡೆಯ ಮಾಂಸಖಂಡಗಳನ್ನು ನಡೆಸುವುದು ಇದೇ ನರ. ಎರಡೂ ಕಡೆ ಸೊರಗಿದ್ದರೆ ಒತ್ತಡ ಈ ಕಚ್ಚಿನ ಬಳಿ ಇರಬಹುದು. ಕೆಳಗಷ್ಟೇ ಆದರೆ ನರ ಇನ್ನೂ ಮುಂದೆ, ಏಣನ್ನು ಸುತ್ತಿ ಇಳಿಯುವಲ್ಲಿ ಸಿಕ್ಕಿಬಿದ್ದಿರಬಹುದು. ಮಾಂಸವನ್ನು ಮೂಳೆಗೆ ಕಟ್ಟುವ ಹೆಗಲ ಸ್ನಾಯುರಜ್ಜು ಹರಿದರೂ ಹೆಚ್ಚುಕಡಿಮೆ ಹೀಗೇ ಕಾಣುವುದರಿಂದ ಮೊದಲು ಎಂಆರ್‌ಐ, ಆಮೇಲೆ ನರದ ಪರೀಕ್ಷೆ ಮಾಡಿಸಿದರು. ನಾನು ಕೇಳಿಕೊಂಡದ್ದು ಸಿಟಿ ಸ್ಕ್ಯಾನ್. ಲಿಗಮೆಂಟ್ ಮೆತ್ತಗಿದ್ದರೆ ಕತ್ತರಿಸಿ ಬಿಡಿಸಬಹುದು, ಮೂಳೆಯಾಗಿದ್ದರೆ ಮೂಳೆಯನ್ನೇ ಕಡಿಯಬೇಕು. ಶಸ್ತ್ರಚಿಕಿತ್ಸೆಗೆ ನಿಲ್ಲುವವರಿಗೆ ಇದು ಮೊದಲೇ ಗೊತ್ತಿರಬೇಕು.