ಹೊಸ ಬೇರಿಂಗ್ ಹಾಕಿಸಿದ ಮೇಲೆ ಸ್ವಿಂಗ್ ಆರ್ಮ್ ಮರಳಿ ಜೋಡಿಸುವುದು ಹೇಗೆ?

ಚಿಕ್ಕಬಳ್ಳಾಪುರದಿಂದ ಆವಲಬೆಟ್ಟದ ಕಡೆಗೋ ಗುಡಿಬಂಡೆಯ ಕಡೆಗೋ ಮಣ್ಣುದಾರಿ ಹಿಡಿದು ಹೋಗಿಬಂದ ಬೈಕನ್ನು ತೊಳೆದರೆ ಹಿಂಚಕ್ರದ ಸುತ್ತ ಇಳಿಯುವ ನೀರಿನಲ್ಲಿ ಕೆಮ್ಮಣ್ಣಿನ ಜೊತೆಗೆ ಕಲ್ಲು ಕ್ವಾರಿಗಳ ಬೂದು ಪುಡಿಯೂ ಇರುತ್ತದೆ. ಹಿಂಚಕ್ರವನ್ನು ಚೌಕಟ್ಟಿಗೆ ಹಿಡಿದಿಡುವ ಸ್ವಿಂಗ್ ಆರ್ಮ್‌ನ ಬೇರಿಂಗುಗಳನ್ನು ಸವೆಸುವುದರಲ್ಲಿ ಈ ಕಲ್ಲುಪುಡಿಯ ಪಾಲೂ ಇದೆ. ಆ ಬೇರಿಂಗುಗಳನ್ನು ಬದಲಾಯಿಸಿದ್ದಾಗಿದೆ ಎಂದುಕೊಳ್ಳೋಣ. ಹಳೆಯದನ್ನು ತೆಗೆದು ಹೊಸದನ್ನು ಪ್ರೆಸ್‌ನಲ್ಲಿ ಕೂರಿಸುವ ಕೆಲಸವನ್ನು ಲೇತ್ ಅಂಗಡಿಯವರು ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾರೆ. ಆದರೆ ಹೊಸ ಬೇರಿಂಗ್ ಎಷ್ಟು ವರ್ಷ ಬಾಳುತ್ತದೆ ಎಂಬುದು ನಿರ್ಧಾರವಾಗುವುದು ಆರ್ಮ್ ಅನ್ನು ಮರಳಿ ಬೈಕಿಗೆ ಸೇರಿಸುವ ಹೊತ್ತಿನಲ್ಲಿ.

ಮೊದಲು ಬೈಕನ್ನು ಎಂಜಿನ್ನಿನ ಅಡಿಗೆ ಗಟ್ಟಿಯಾದ ಮರದ ಪೆಟ್ಟಿಗೆ ಅಥವಾ ಸ್ಟ್ಯಾಂಡ್ ಕೊಟ್ಟು, ಹಿಂಭಾಗ ನೆಲದಿಂದ ಮೇಲಿರುವಂತೆ ನಿಲ್ಲಿಸಬೇಕು. ಸೈಡ್ ಸ್ಟ್ಯಾಂಡಿನ ಮೇಲೆ ವಾಲಿಸಿ ಈ ಕೆಲಸ ಮಾಡಲಾಗದು. ಅನೇಕ ಡರ್ಟ್ ಬೈಕುಗಳಲ್ಲಿ ಸ್ವಿಂಗ್ ಆರ್ಮ್ ತೂಗುವ ಅಚ್ಚಾದ ಪಿವಟ್ ಬೋಲ್ಟ್ ಚೌಕಟ್ಟನ್ನಷ್ಟೇ ಅಲ್ಲದೆ ಎಂಜಿನ್ನಿನ ಹಿಂಭಾಗವನ್ನೂ ಹಾದುಹೋಗುತ್ತದೆ. ಬೋಲ್ಟ್ ಕಳಚಿದಾಗ ಎಂಜಿನ್ ಕೂದಲೆಳೆಯಷ್ಟು ಕೆಳಗೆ ಜಾರಿರುತ್ತದೆ. ಆದ್ದರಿಂದ ಅಡಿಯಲ್ಲಿ ಸಣ್ಣ ಜಾಕ್ ಇದ್ದರೆ ಮುಂದೆ ರಂಧ್ರಗಳನ್ನು ಸರಿಹೊಂದಿಸುವುದು ಸುಲಭ.

ಬೇರಿಂಗಿನ ಒಳಗೆ ಕೂರುವ ಉಕ್ಕಿನ ಟೊಳ್ಳು ಕೊಳವೆಗಳಾದ ಕಾಲರ್‌ಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ಚಕ್ರದ ಬೇರಿಂಗಿನಂತೆ ಆರ್ಮ್‌ನ ಬೇರಿಂಗ್ ಸುತ್ತು ಸುತ್ತುವುದಿಲ್ಲ. ಸಣ್ಣ ಕೋನದಷ್ಟು ಮಾತ್ರ ಮೇಲೆ ಕೆಳಗೆ ತೂಗುತ್ತದೆ. ಹಾಗಾಗಿ ಸೂಜಿಯಂಥ ರೋಲರುಗಳು ಒಂದೇ ಜಾಗದಲ್ಲಿ ಒತ್ತಿ, ಕಾಲರಿನ ಮೇಲೆ ಸಾಲುಸಾಲು ಗೀರುಗಳನ್ನು ಮೂಡಿಸುತ್ತವೆ. ಉಗುರಿಗೆ ಆ ಗೀರು ತಗುಲಿದರೆ ಕಾಲರ್ ಹೊಸದೇ ಆಗಬೇಕು. ಹೊಸ ಬೇರಿಂಗಿಗೆ ಹಳೆಯ ಕಾಲರ್ ತೊಡಿಸಿ ಹಣ ಉಳಿಸಿದೆವು ಎನ್ನುವವರು ಅದೇ ಕೆಲಸಕ್ಕೆ ಮತ್ತೆ ಬರುವುದನ್ನು ಕಂಡಿದ್ದೇನೆ. ನಮ್ಮೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಬಹುದು.

ಪಿವಟ್ ಬೋಲ್ಟಿನ ತುಕ್ಕನ್ನು ನಯವಾದ ಎಮರಿ ಕಾಗದದಿಂದ ತೆಗೆದು, ಗಾಜಿನ ಹಲಗೆಯ ಮೇಲೆ ಉರುಳಿಸಿ ನೋಡಿ. ಎಲ್ಲಿಯಾದರೂ ಕುಣಿದರೆ ಬೋಲ್ಟ್ ಬಾಗಿದೆ ಎಂದರ್ಥ. ಜೊತೆಗೆ ಬೇರಿಂಗ್ ಎಷ್ಟು ಆಳಕ್ಕೆ ಕೂತಿದೆ ಎಂಬುದನ್ನು ಬೈಕಿನ ಕೈಪಿಡಿಯಲ್ಲಿ ಕೊಟ್ಟಿರುವ ಅಳತೆಯೊಂದಿಗೆ ಹೋಲಿಸಬೇಕು. ಅದು ಹೊರಕ್ಕೆ ಚಾಚಿದ್ದರೆ ದೂಳು ತಡೆಯುವ ಸೀಲಿಗೆ ಕೂರಲು ಜಾಗ ಉಳಿಯುವುದಿಲ್ಲ.

ಇನ್ನು ಗ್ರೀಸ್. ನೀರಿಗೆ ಕರಗಿ ಹೋಗದ, ಜಲನಿರೋಧಕ ಎಂದು ಡಬ್ಬಿಯ ಮೇಲೆ ಬರೆದಿರುವುದನ್ನೇ ಆರಿಸಿಕೊಳ್ಳಬೇಕು. ಮೇಲೆ ಸವರಿದರೆ ಸಾಲದು. ಬೆರಳಿನಿಂದ ಒತ್ತಿ ರೋಲರುಗಳ ನಡುವಿನ ಸಂದು ಸಂದಿಗೂ ತುಂಬಬೇಕು. ಕೆಲವು ಬೇರಿಂಗುಗಳಲ್ಲಿ ರೋಲರುಗಳನ್ನು ಹಿಡಿದಿಡುವ ಪಂಜರ ಇರುವುದಿಲ್ಲ. ಅಲ್ಲಿ ರೋಲರ್ ಉದುರದಂತೆ ತಡೆಯುವುದೂ ಈ ಗ್ರೀಸೇ. ಕಾಲರ್ ತೂರಿಸುವಾಗ ಒಂದು ರೋಲರ್ ಜಾರಿ ಅಡ್ಡ ಬಿದ್ದರೂ ಬೇರಿಂಗ್ ಕೆಡುತ್ತದೆ. ಆದ್ದರಿಂದ ಕಾಲರನ್ನು ತಿರುಗಿಸುತ್ತಾ, ಬಲ ಹಾಕದೆ ಒಳಗೆ ತಳ್ಳಬೇಕು. ಸೀಲಿನ ತುಟಿಗೂ ಬೋಲ್ಟಿನ ನಯವಾದ ಮೈಗೂ ತೆಳುವಾಗಿ ಗ್ರೀಸ್ ಸವರಿ. ಬೋಲ್ಟಿನ ಮರೆಗೆ (ನಟ್ ತಿರುಗಿ ಕೂರುವ ಸುತ್ತುಗೆರೆಗಳಿಗೆ) ಮಾತ್ರ, ಕೈಪಿಡಿ ಹೇಳದ ಹೊರತು, ಹಚ್ಚಬೇಡಿ. ಒಣ ಮರೆಗೆಂದು ನಿಗದಿಯಾದ ಬಿಗಿತದ ಅಂಕಿಯಲ್ಲಿ ಎಣ್ಣೆ ಹತ್ತಿದ ಮರೆಯನ್ನು ತಿರುಗಿಸಿದರೆ ಬೋಲ್ಟ್ ಅಗತ್ಯಕ್ಕಿಂತ ಹೆಚ್ಚು ಹಿಗ್ಗುತ್ತದೆ.

ಸೀಲುಗಳ ಹೊರಗೆ ಬರುವ ವಾಷರುಗಳು ಎಡಬಲ ಎರಡೂ ಕಡೆ ಒಂದೇ ದಪ್ಪವಿರಬೇಕೆಂದಿಲ್ಲ. ನಾನು ಮೊದಲ ಸಲ ಈ ಕೆಲಸಕ್ಕೆ ಕೈಹಾಕಿದಾಗ ಅವನ್ನು ಅದಲುಬದಲು ಮಾಡಿ, ಚಕ್ರ ತುಸು ಒಂದು ಪಕ್ಕಕ್ಕೆ ಸರಿದು, ಚೈನ್ ಸ್ಪ್ರಾಕೆಟ್ಟಿನ ಹಲ್ಲನ್ನು ಒಂದೇ ಮಗ್ಗುಲಲ್ಲಿ ತಿನ್ನುತ್ತಿರುವುದನ್ನು ಒಂದು ತಿಂಗಳ ಮೇಲೆ ಗಮನಿಸಿದ್ದೆ. ಬಿಚ್ಚುವಾಗಲೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಆರ್ಮ್ ಎತ್ತುವ ಮುನ್ನ ಚೈನ್ ಉಜ್ಜುವ ಜಾಗದ ಪ್ಲಾಸ್ಟಿಕ್ ಪಟ್ಟಿಯನ್ನು ಅದಕ್ಕೆ ತೊಡಿಸಿ. ಬಿಚ್ಚುವ ಲಿಂಕ್ ಇಲ್ಲದ ಚೈನ್ ಆದರೆ ಈಗಲೇ ಅದನ್ನು ಆರ್ಮ್‌ನ ಕೊಂಬಿನ ಸುತ್ತ ಬಳಸಿಕೊಳ್ಳಬೇಕು. ಮರೆತರೆ ಎಲ್ಲವನ್ನೂ ಮತ್ತೆ ಬಿಚ್ಚಬೇಕಾಗುತ್ತದೆ. ಹಿಂಬ್ರೇಕಿನ ಪೈಪ್ ತಿರುಚಿಕೊಂಡಿಲ್ಲವೇ ಎಂದೂ ನೋಡಿ. ಇಲ್ಲಿ ಎರಡನೆಯ ಜೊತೆ ಕೈ ಬೇಕು. ಒಬ್ಬರು ಆರ್ಮ್ ಅನ್ನು ಚೌಕಟ್ಟಿನ ನಡುವೆ ಹಿಡಿದಿರಲು, ಇನ್ನೊಬ್ಬರು ಎದುರು ಬದಿಯಿಂದ ಹಳೆಯ ಸ್ಕ್ರೂಡ್ರೈವರ್ ತೂರಿಸಿ ರಂಧ್ರಗಳನ್ನು ಒಂದೇ ನೇರಕ್ಕೆ ತಂದು, ಈ ಬದಿಯಿಂದ ಬೋಲ್ಟ್ ನೂಕಬೇಕು. ಮರದ ಸುತ್ತಿಗೆಯ ಮೆಲ್ಲನೆಯ ತಟ್ಟು ಸಾಕು. ಅದಕ್ಕೂ ಬೋಲ್ಟ್ ಸಾಗದಿದ್ದರೆ ರಂಧ್ರಗಳ ನೇರ ತಪ್ಪಿದೆ ಎಂದರ್ಥ. ಜಾಕನ್ನು ಏರಿಳಿಸಿ ನೋಡಬೇಕೇ ಹೊರತು ಕಬ್ಬಿಣದ ಸುತ್ತಿಗೆ ಎತ್ತಬಾರದು.

ತಾನಾಗಿ ಬಿಗಿ ಹಿಡಿಯುವ ನಟ್ ಆಗಿದ್ದರೆ ಹೊಸದನ್ನೇ ಹಾಕಿ, ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಿಂದ ಬಿಗಿಮಾಡಿ. ಮಣ್ಣಿನ ಟ್ರ್ಯಾಕಿನ ಓಟಕ್ಕೆ ಮಾಡಿದ ಮೋಟೋಕ್ರಾಸ್ ಬೈಕುಗಳಲ್ಲಿ ಈ ಬಿಗಿತ ಹೆಚ್ಚಾಗಿ 85ರಿಂದ 100 ನ್ಯೂಟನ್ ಮೀಟರ್ ಆಸುಪಾಸಿನಲ್ಲಿರುತ್ತದೆ. ನಿಮ್ಮ ಬೈಕಿನ ಅಂಕಿ ಅದರ ಕೈಪಿಡಿಯಲ್ಲಿರುವುದೇ. ಹಾಲಿನ ಕ್ಯಾನು ಹೊರುವ ಸಾಮಾನ್ಯ ಬೈಕುಗಳ ಆರ್ಮ್‌ನಲ್ಲಿ ಸೂಜಿ ಬೇರಿಂಗಿನ ಬದಲು ಉಕ್ಕಿಗೆ ಅಂಟಿಸಿದ ರಬ್ಬರ್ ಬುಷ್ ಇರುವುದುಂಟು. ಅಲ್ಲಿ ಕ್ರಮವೇ ಬೇರೆ: ಚಕ್ರ ನೆಲಕ್ಕೆ ತಾಗಿ ಬೈಕಿನ ಭಾರ ಅದರ ಮೇಲೆ ಬಿದ್ದಿರುವಾಗ ಕೊನೆಯ ಬಿಗಿತ ಕೊಡಬೇಕು, ಇಲ್ಲವಾದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಶಾಕ್ ಅಬ್ಸಾರ್ಬರ್ ಇನ್ನೂ ಜೋಡಿಸದಿರುವ ಈ ಹಂತ ಇಡೀ ಕೆಲಸದಲ್ಲಿ ಅತ್ಯಂತ ಬೆಲೆಯುಳ್ಳದ್ದು, ಅವಸರದಲ್ಲಿ ದಾಟಬಾರದು. ಆರ್ಮ್ ಅನ್ನು ಎತ್ತಿ ಕೈಬಿಡಿ. ಅದು ತನ್ನ ಭಾರಕ್ಕೆ ತಾನೇ, ಎಲ್ಲೂ ತಡೆಯದೆ ನಿಧಾನವಾಗಿ ಇಳಿಯಬೇಕು. ನಿಂತಲ್ಲೇ ನಿಂತರೆ ವಾಷರ್ ತಪ್ಪಿದೆ ಅಥವಾ ಸೀಲ್ ಮಡಚಿಕೊಂಡಿದೆ. ನಂತರ ತುದಿ ಹಿಡಿದು ಎಡಕ್ಕೆ ಬಲಕ್ಕೆ ಅಲುಗಿಸಿ. ಟಕ್ಕೆಂಬ ಸಡಿಲ ಕೈಗೆ ಸಿಗಬಾರದು.

ಇದೇ ಹಂತದಲ್ಲಿ ಚಕ್ರ, ಚೈನ್ ಹಾಕಿ ಇನ್ನೊಂದು ಅಳತೆ ತೆಗೆದುಕೊಳ್ಳಬಹುದು. ಎಂಜಿನ್ ಸ್ಪ್ರಾಕೆಟ್ ಪಿವಟ್‌ಗಿಂತ ಮುಂದಿರುವುದರಿಂದ ಸ್ಪ್ರಾಕೆಟ್, ಪಿವಟ್, ಚಕ್ರದ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿಯಾಗುತ್ತದೆ. ಚಕ್ರವನ್ನು ಆ ಗೆರೆಯವರೆಗೆ ಎತ್ತಿ ಹಿಡಿದು, ಅಲ್ಲಿಯೂ ಚೈನಿನಲ್ಲಿ ಸ್ವಲ್ಪ ಸಡಿಲ ಉಳಿಯುವಂತೆ ಹೊಂದಿಸಿ. ಇಲ್ಲದಿದ್ದರೆ ಹಳ್ಳ ಹಾರಿ ಇಳಿದಾಗಲೆಲ್ಲ ಚೈನಿನ ಎಳೆತ ಈಗಷ್ಟೇ ಹಾಕಿದ ಬೇರಿಂಗಿನ ಮೇಲೆ ಬೀಳುತ್ತದೆ.

ಆಮೇಲೆ ಲಿಂಕೇಜ್ (ಆರ್ಮ್ ಅನ್ನು ಶಾಕಿಗೆ ಸೇರಿಸುವ ಕೊಂಡಿಗಳು) ಮತ್ತು ಶಾಕಿನ ಬೋಲ್ಟುಗಳನ್ನು ಮೊದಲು ಕೈಯಲ್ಲಿ ತಿರುಗಿಸಿ, ಎಲ್ಲವೂ ಕೂತ ಮೇಲೆ ನಿಗದಿತ ಅಂಕಿಗೆ ಬಿಗಿಮಾಡಿ. ಬೈಕ್ ಹೊರಗೆ ತೆಗೆಯುವ ಮುನ್ನ ಬ್ರೇಕ್ ಪೆಡಲನ್ನು ನಾಲ್ಕಾರು ಸಲ ಒತ್ತಿ; ಚಕ್ರ ಬಿಚ್ಚಿದಾಗ ಪ್ಯಾಡ್‌ಗಳು ಹಿಂದೆ ಸರಿದಿದ್ದರೆ ಮೊದಲ ಒತ್ತಿಗೆ ಬ್ರೇಕ್ ಹಿಡಿಯದು. ಊರಿನ ಬಿ.ಬಿ. ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು ಎಲ್ಲ ನಟ್ಟುಗಳಿಗೂ ಮತ್ತೊಮ್ಮೆ ರೆಂಚ್ ಮುಟ್ಟಿಸಿ. ವಾಟರ್ ಸರ್ವೀಸಿಗೆ ಬಿಟ್ಟಾಗ ಒತ್ತಡದ ನೀರಿನ ಧಾರೆಯನ್ನು ಪಿವಟ್‌ನ ಸೀಲಿಗೆ ನೇರ ಹಿಡಿಯಬೇಡಿ ಎಂದು ಹುಡುಗರಿಗೆ ಮೊದಲೇ ಹೇಳಿ.